ಜಪಾನಿನ ಗುಂಡಿ, ಗುಂಡ್ಲುಪೇಟೆಯ ಟೈಲರ್

ಬೆಳಗಿನ ಐದೂವರೆ. ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಾಗಿಲು ತೆರೆದಿರುವುದು ಒಂದೇ ಅಂಗಡಿ. ಅರವತ್ತೊಂದರ ನಂಜಯ್ಯ ಸಫಾರಿ ಜೀಪ್ ಚಾಲಕರ ಖಾಕಿ ಅಂಗಿಗೆ ಕಾಜಾ ಹೊಲಿಯುತ್ತಿದ್ದಾರೆ. ಬಸ್ಸಿಗೆ ಬರುವವರು ಹರಿದ ಚೀಲ ಹಿಡಿದು ಎದುರು ನಿಲ್ಲುವುದರೊಳಗೆ ಎರಡು ಅಂಗಿಯಾದರೂ ಮುಗಿಯಬೇಕು. ದಿನಕ್ಕೆ ಎಂಟು ಅಂಗಿ. ಮೂವತ್ತೆಂಟು ವರ್ಷಗಳಿಂದ ಹೀಗೇ.

ಮಷಿನ್ನಿನ ಡ್ರಾಯರ್ ಎಳೆದರೆ ಬಾಬಿನ್‌ಗಳ ಪಕ್ಕ ಒಂದು ಬಿಸ್ಕತ್ ಡಬ್ಬಿ. ಅದರ ಹತ್ತಿಯೊಳಗೆ ಹೆಬ್ಬೆರಳ ಗಾತ್ರದ ಕೆತ್ತನೆಗಳು: ಉದ್ದ ಮೂಗಿನ ಬೆಟ್ಟದ ಭೂತ, ನೆತ್ತಿಯಲ್ಲಿ ನೀರು ತುಂಬಿಕೊಂಡ ಜಲಪಿಶಾಚಿ, ಮೂಟೆಗೊರಗಿ ನಗುವ ಬೌದ್ಧ ಸನ್ಯಾಸಿ. ಇವಕ್ಕೆ ನೆಟ್ಸುಕೆ ಎಂದು ಹೆಸರು. ಕಿಮೋನೊಗೆ ಜೇಬಿಲ್ಲದ ಕಾಲದಲ್ಲಿ ಜಪಾನಿನವರು ಚೀಲವನ್ನು ದಾರದಲ್ಲಿ ಸೊಂಟಪಟ್ಟಿಗೆ ನೇತುಹಾಕಿ, ಜಾರದಂತೆ ದಾರದ ತುದಿಗೆ ಇದನ್ನು ಕಟ್ಟುತ್ತಿದ್ದರು.

"ಗುಂಡಿ ಕಣ್ ಸಾ, ಅಷ್ಟೇಯ. ಗುಂಡೀನ ಟೈಲರ್ ನೋಡ್ದೆ ಇನ್ಯಾರ್ ನೋಡಾರು?" ಎನ್ನುತ್ತಾರೆ ನಂಜಯ್ಯ.

ಇಪ್ಪತ್ತಾರು ವರ್ಷದ ಹಿಂದೆ ಬಂಡೀಪುರ ನೋಡಲು ಬಂದಿದ್ದ ಜಪಾನಿನ ವೃದ್ಧೆಯೊಬ್ಬರ ಚೀಲದ ಪಟ್ಟಿ ಕಿತ್ತುಹೋಗಿತ್ತು. ಹೊಲಿದುಕೊಟ್ಟು ಕಾಸು ಬೇಡವೆಂದಾಗ, ಆಕೆ ಚೀಲಕ್ಕೆ ಕಟ್ಟಿದ್ದ ಮರದ ಸನ್ಯಾಸಿಯನ್ನೇ ಬಿಚ್ಚಿ ಕೈಗಿಟ್ಟರು. ಅದೇನೆಂದು ತಿಳಿಸಿದ್ದು ಚಾಮರಾಜನಗರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ, ಇವರ ಹಳೆಯ ಗಿರಾಕಿ ನಯನಾ ಮೇಡಂ. ಅಂದಿನಿಂದ ಬಿಡುವಾದ ಭಾನುವಾರ ನಂಜಯ್ಯ ಊಟಿ ಬಸ್ಸು ಹತ್ತುತ್ತಾರೆ. ಎಸ್ಟೇಟ್ ಬಂಗಲೆಗಳ ಹಳೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಚಮಚ, ಬೀಗಗಳ ರಾಶಿಯೊಳಗೆ ಕೈಯಾಡಿಸುತ್ತಾರೆ. ದಾರ ಹಾಯುವ ತೂತಿನ ಅಂಚು ಸವೆದು ನುಣುಪಾಗಿದ್ದರೆ ಯಾರೋ ಕಟ್ಟಿಕೊಂಡು ಓಡಾಡಿದ್ದು. ಚೂಪಾಗಿದ್ದರೆ ಈಚಿನ ನಕಲು. ಹೀಗೆ ಕೂಡಿದವು ಹದಿನೇಳು.

ಹದಿನೇಳನೆಯದು ಹೋದ ವರ್ಷ ಊಟಿಯಲ್ಲಿ ಸಿಕ್ಕ ಬೋಧಿಧರ್ಮ, ಝೆನ್ ಪಂಥದ ಆದಿಗುರು. ಮೂಳೆಯದು ಎಂದು ಅಂಗಡಿಯವನು ಹೇಳಿದ್ದ. ಡಬ್ಬಿಯಲ್ಲಿದ್ದ ಎಲ್ಲಕ್ಕಿಂತ ಚೆಂದದ ಕೆತ್ತನೆ. ಎರಡು ವಾರ ಅದನ್ನು ಎದುರಿಗಿಟ್ಟುಕೊಂಡೇ ಹೊಲಿದರು. ಒಂದು ಬೆಳಿಗ್ಗೆ ಭೂತಗನ್ನಡಿ ಹಿಡಿದು ತಳ ನೋಡಿದರೆ, ಬಟ್ಟೆಯ ನೇಯ್ಗೆಯಂತೆ ಒಂದನ್ನೊಂದು ಹಾಯುವ ಸಣ್ಣ ಗೆರೆಗಳು. ಮೂಳೆಯಲ್ಲಿ ಅಂಥ ಗೆರೆ ಇರುವುದಿಲ್ಲ, ಆನೆದಂತದಲ್ಲಿ ಇರುತ್ತದೆ ಎಂದು ಮೇಡಂ ಹಿಂದೊಮ್ಮೆ ಓದಿ ಹೇಳಿದ್ದು ನೆನಪಾಯಿತು.

ಹೆಂಡತಿ ಪುಟ್ಟಮಲ್ಲಮ್ಮ ದಿಗಿಲುಬಿದ್ದರು. ಇಟ್ಟುಕೊಂಡರೆ ಜೈಲು, ಒಪ್ಪಿಸಿದರೆ ಕೇಸು, ಜೊತೆಗೆ ಉಳಿದವೂ ಹೋಗುತ್ತವೆ. ಯಾವುದಾದರೂ ಬಾವಿಗೆ ಎಸೆದು ಸುಮ್ಮನಿರಿ ಎಂದರು. ನಂಜಯ್ಯನಿಗೆ ಮನಸ್ಸಾಗಲಿಲ್ಲ. ಅವರ ತಂದೆ ಬೀರಯ್ಯ ಕಾಡಿನ ವಾಚರ್ ಆಗಿದ್ದವರು. ಒಂಬತ್ತರ ವಯಸ್ಸಿನಲ್ಲಿ ಅಪ್ಪನಿಗೆ ಬುತ್ತಿ ಒಯ್ದಾಗ, ಕಳ್ಳರು ದಂತ ಕೊಯ್ದು ಬಿಟ್ಟುಹೋದ ಆನೆಯನ್ನು ನಂಜಯ್ಯ ಕಂಡಿದ್ದರು.

"ಮೊಕನೇ ಇರ್ನಿಲ್ಲ ಸಾ. ನಮ್ಮಪ್ಪ ಮೂರ್ ದಿನ ಉಣ್ನಿಲ್ಲ."

ಮರುದಿನ ಅಂಗಡಿ ಮುಚ್ಚಿ, ಡಬ್ಬಿಯನ್ನೇ ಅರಣ್ಯ ಕಚೇರಿಯ ಮೇಜಿನ ಮೇಲಿಟ್ಟರು. ಅಧಿಕಾರಿಗಳು ಹೇಳಿಕೆ ಬರೆಸಿಕೊಂಡು ಹದಿನೇಳನ್ನೂ ಇಟ್ಟುಕೊಂಡರು. ನಾಲ್ಕು ತಿಂಗಳಲ್ಲಿ ಏಳು ಸಲ ಅಲೆದಾಟ. ಎರಡು ಸಲ ನಯನಾ ಮೇಡಂ ರಜೆ ಹಾಕಿ ಜೊತೆಗೆ ಬಂದರು. ಪರೀಕ್ಷೆ ಮುಗಿದು, ಹದಿನಾರು ಮರದವೆಂದು ಖಾತ್ರಿಯಾಗಿ ವಾಪಸ್ಸಾದವು. ಬೋಧಿಧರ್ಮ ಮೊಹರು ಬಿದ್ದ ಪೊಟ್ಟಣದಲ್ಲಿ ಅಲ್ಲೇ ಉಳಿದ. ತಾವಾಗಿಯೇ ತಂದೊಪ್ಪಿಸಿದ ನಂಜಯ್ಯನ ಮೇಲೆ ಕೇಸಾಗಲಿಲ್ಲ.

ಚಾಮರಾಜನಗರದ ಕಾಲೇಜು ಮಕ್ಕಳ ಕೈಗೆ ಉಳಿದ ಹದಿನಾರನ್ನು ಕೊಟ್ಟು ಒಂದು ದಿನ ತೋರಿಸಬೇಕೆಂಬುದು ನಂಜಯ್ಯನ ಆಸೆ. ಬೋಧಿಧರ್ಮ ಹೋದದ್ದಕ್ಕೆ ಬೇಜಾರಿಲ್ಲವೇ ಎಂದರೆ, ದಾರವನ್ನು ಹಲ್ಲಿನಲ್ಲಿ ಕಡಿದು ಅಂಗಿ ಮಡಚುತ್ತಾರೆ.

"ಒಟ್ಟೆ ಉರೀತದೆ, ಸುಳ್ ಯಾಕ್ ಏಳ್ಲಿ. ಆದ್ರೆ ಎಷ್ಟ್ ಜನದ್ ಕೈ ದಾಟ್ಕಂಡ್ ಬಂತೋ ಅದು, ದಂತ ಅಂತ ಒಬ್ರಿಗೂ ಗೊತ್ತಾಗ್ನಿಲ್ಲ. ಕಂಡ್ ಇಡಿದೋನು ನಾನು ಕಣ್ ಸಾ."