ಬೆಲ್ಲಕ್ಕೆ ತೂಗಿದ ಹುಡುಗಿ

ಅದು ಯಾರ ಉಪಾಯ ಎಂಬುದು ಇನ್ನು ಇತ್ಯರ್ಥವಾಗುವ ಹಾಗಿಲ್ಲ. ನನ್ನದೇ ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಮೊನ್ನೆ ಶಾಲೆಯ ಅಡುಗೆಯಾಕೆಯ ಎದುರಿಗೂ ಹೇಳಿಬಿಟ್ಟೆ. ಆಕೆ ಎತ್ತಿದ ಸೌಟು ಹಾಗೇ ಹಿಡಿದು, “ಅಯ್ಯ ಮೇಡಂ, ಆ ಮಾತ ಆಡಿದಾಕಿ ನಾನ್ರಿ. ನೀವು ಬರೇ ಸಿಟ್ಟಿಗೆದ್ದು ಕುಂತಿದ್ರಿ” ಎಂದಳು. ಇರಬಹುದು. ಸಿಟ್ಟು ಬಂದದ್ದಂತೂ ಖರೆ.

ನಾನು ಕಲಿಸುವುದು ಆಳಂದ ತಾಲೂಕಿನ ಸರಸಂಬಾ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ. ಎರಡನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ತೊಗರಿ ಕಟ್ಟಿಗೆಯಂಥವಳು. ಮಧ್ಯಾಹ್ನದ ಊಟದಲ್ಲಿ ಅವಳ ಅರ್ಧ ಅನ್ನವೂ ಇಡೀ ಬಾಳೆಹಣ್ಣೂ ಪಕ್ಕದವರ ಪಾಲು. ತಪಾಸಣೆಗೆ ಬಂದ ಡಾಕ್ಟರು, ವಯಸ್ಸಿಗೆ ತಕ್ಕ ತೂಕವಿಲ್ಲ, ಆಗಾಗ ತೂಗಿ ನೋಡಿ, ಏರದಿದ್ದರೆ ಕಲಬುರಗಿಯ ಆಸ್ಪತ್ರೆಗೆ ಕಳಿಸಿ ಎಂದು ಹೇಳಿ ಹೋದರು. ಆದರೆ ತೂಗುವ ದಿನವೇ ಅವಳು ಗೈರು.

ಅಡುಗೆಯಾಕೆಯನ್ನು ಕರೆದುಕೊಂಡು ಮನೆಗೇ ಹೋದೆ. ಹುಡುಗಿಯ ಅಜ್ಜಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು.

“ಕೂಸಿನ್ನ ಸುಮ್ಮಸುಮ್ಮನ ತೂಗಬಾರದ್ರಿ. ಮಂದಿ ಕಣ್ಣ ತಾಗಿ ನೆದರ ಬೀಳ್ತದ, ಇದ್ದದ್ದೂ ಇಳೀತದ.”

“ಇಳಿದದೋ ಏರ್ಯಾದೋ, ತೂಗದ ಹ್ಯಾಂಗ ಗೊತ್ತಾಗಬೇಕು ಆಯಿ?”

“ನನ್ನ ಮೊಮ್ಮಗಳೇನು ಸಂತ್ಯಾಗಿನ ಉಳ್ಳಾಗಡ್ಡಿ ಏನ್ರಿ? ದೇವರಿಗಿ ಬೇಡ್ಕೊಂಡು ಬೆಲ್ಲಕ್ಕ ತೂಗಿದ್ರ ಬ್ಯಾರೆ ಮಾತು.”

“ಹಂಗಾದ್ರ ಬೆಲ್ಲಕ್ಕೇ ತೂಗೋಣ್ರಿ.” ಈ ಮಾತು ನನ್ನ ನೆನಪಿನಲ್ಲಿ ನನ್ನ ದನಿಯಲ್ಲೇ ಕೇಳುತ್ತದೆ. ಅಡುಗೆಯಾಕೆಗೆ ಅವಳ ದನಿಯಲ್ಲಿ ಕೇಳುತ್ತಿರಬೇಕು.

ತೊಗರಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಮೂಲೆ ಸೇರಿದ್ದ ಹಳೆಯ ತಕ್ಕಡಿ ಬಂತು. ಶಾಲೆಯ ಬೇವಿನ ಟೊಂಗೆಗೆ ಅದನ್ನು ತೂಗುಹಾಕಿದೆವು. ಒಂದು ಪರಡಿಯಲ್ಲಿ ಹುಡುಗಿ, ಇನ್ನೊಂದರಲ್ಲಿ ಅಫಜಲಪುರ ಕಡೆಯ ಬೆಲ್ಲ. ಅಜ್ಜಿ ತಕ್ಕಡಿಗೆ ವಿಭೂತಿ ಹಚ್ಚಿ ಕೈ ಮುಗಿದಳು. ಎರಡೂ ಪರಡಿ ಸಮ ನಿಂತ ಮೇಲೆ, “ದೇವರ ತೂಕ ಆತು, ಈಗ ನಿಮ್ಮ ತೂಕ ಮಾಡ್ಕೊರ್ರಿ” ಎಂದು ಮೊಮ್ಮಗಳನ್ನು ಶಾಲೆಯ ತೂಕದ ಮಶೀನಿನ ಮೇಲೂ ನಿಲ್ಲಿಸಿದಳು. ಆ ಬೆಲ್ಲಕ್ಕೆ ಶೇಂಗಾ ಕುಟ್ಟಿ ಹಾಕಿ ಇಡೀ ಶಾಲೆಗೆ ಉಂಡಿ ಕಟ್ಟಿದರು. ತೊಗರಿ ರಾಶಿ ಆದ ಮೇಲೆ ಮತ್ತೆ ತೂಗುತ್ತೇನೆ, ಅಲ್ಲಿತನಕ ಮಶೀನಿನ ಹತ್ತಿರ ಕರೆಯಬೇಡಿ ಎಂದು ಅಜ್ಜಿ ಕರಾರು ಹಾಕಿದಳು.

ಉಂಡಿ ತಿನ್ನುತ್ತ ಮಕ್ಕಳು ಒಂದು ಲೆಕ್ಕ ಕಂಡುಕೊಂಡರು. ಅವಳು ಎಷ್ಟು ದಪ್ಪವೋ ಉಂಡಿ ಅಷ್ಟು! ಮರುದಿನದಿಂದ ಊಟದ ಸಾಲಿನಲ್ಲಿ ಅವಳ ಬಾಳೆಹಣ್ಣನ್ನು ಯಾರೂ ಮುಟ್ಟಲಿಲ್ಲ.

“ತಿನ್ನ ಬೇ, ಜಲ್ದಿ ತಿನ್ನು.”

“ನಂಗ ಸಾಕಾಗ್ಯಾದ.”

“ನಿಂಗ ಸಾಕು ಅಂದ್ರ ನಮಗ ಉಂಡಿ ಯಾರ ಕೊಡ್ತಾರ?”

ಮನೆಯಿಂದ ಯಾರೋ ರೊಟ್ಟಿ ತಂದರು, ಯಾರೋ ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ. ಮೊದಮೊದಲು ಕಾಟ ತಾಳಲಾರದೆ ತಿನ್ನುತ್ತಿದ್ದವಳು ಆಮೇಲೆ ತಾನೇ ತಟ್ಟೆ ಮುಂದೆ ಚಾಚಿದಳು. ಗೋಡೆಗೆ ನಾನು ಅಂಟಿಸಿದ್ದ ಪೌಷ್ಟಿಕ ಆಹಾರದ ಚಿತ್ರಪಟ ಅವರ ಬೆನ್ನ ಹಿಂದೆಯೇ ಇತ್ತು. ಅವಳ ಹಸಿವಿಗೆ ಇಷ್ಟೇ ಕಾರಣ ಎಂದು ಬರೆಯಲು ಮಾತ್ರ ಧೈರ್ಯವಿಲ್ಲ. ಆ ನಡುವೆ ಶಾಲೆಯಲ್ಲಿ ಜಂತುಹುಳದ ಮಾತ್ರೆಯನ್ನೂ ಕೊಟ್ಟಿದ್ದೆವು. ಒಂದು ಫಲಕ್ಕೆ ಒಂದೇ ಕಾರಣ ಹಿಡಿಯಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಇನ್ನೂ ಬಿಟ್ಟಿಲ್ಲ.

ರಾಶಿ ಮುಗಿಯಿತು, ತಕ್ಕಡಿ ಮತ್ತೆ ಬೇವಿನ ಮರಕ್ಕೆ ಬಂತು. ಅಂದು ಅವಳ ಲಂಗ ಹಸಿರಿತ್ತೆಂದು ನನಗೆ ನೆನಪು, ಬೇರೆಯವರು ಒಪ್ಪುವುದಿಲ್ಲ. ಎದುರಿನ ಪರಡಿಯಲ್ಲಿ ಆಗಲೇ ಬೆಲ್ಲವಿದ್ದರೂ, ಅವಳು ಕೂತದ್ದೇ ಅವಳ ಪರಡಿ ದಡ್ಡನೆ ಕೆಳಗಿಳಿಯಿತು. ಮಕ್ಕಳು ಹೋ ಎಂದರು. ನಾನೂ ಚಪ್ಪಾಳೆ ತಟ್ಟಿದೆ. ಆದರೆ ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಬೆನ್ನ ಮ್ಯಾಲಿನ ಆ ಪಾಟಿಚೀಲ ಇಳಸ್ರಿ ಮೊದಲ! ತೂಗೋದು ಕೂಸಿನ್ನ, ಪುಸ್ತಕ ಅಲ್ಲ.”

ಚೀಲದಲ್ಲಿ ಅವಳ ಪುಸ್ತಕವಷ್ಟೇ ಅಲ್ಲ, ಇಡೀ ಸಾಲಿನವರ ಪುಸ್ತಕವಿತ್ತು. ಗೆಳತಿಯರೆಲ್ಲ ನೆಲ ನೋಡತೊಡಗಿದರು. ಚೀಲ ಇಳಿಸಿದರು. ಪರಡಿ ಏರುತ್ತದೆಂದೇ ಅಂದುಕೊಂಡೆ. ತುಸು ಅಲುಗಿತು, ಏರಲಿಲ್ಲ.

ಅಜ್ಜಿ ಹೋದ ಸಲದಷ್ಟೇ ಬೆಲ್ಲ ತಂದಿದ್ದಳು. ಅದೆಲ್ಲ ಹಾಕಿಯಾಗಿತ್ತು, ಆದರೂ ಬೆಲ್ಲದ ಪರಡಿ ಮೇಲೆಯೇ ಇತ್ತು. ಮಡಿಲಲ್ಲಿದ್ದ ಶೇಂಗಾ ಸುರಿದಳು, ಸಾಲಲಿಲ್ಲ. ಕೊನೆಗೆ ಅಡುಗೆಮನೆಯ ಬಾಳೆಗೊನೆಯೇ ಬಂತು.

“ಇನ್ನಾ ಹಾಕು ಆಯಿ, ಇನ್ನಾ ಹಾಕು!” ಹುಡುಗಿ ಸರಪಳಿ ಹಿಡಿದು ಕುಣಿಯತೊಡಗಿದಳು.

“ಸುಮ್ಮ ಕುಂಡ್ರ ಬೇ, ಮನಿ ಖಾಲಿ ಮಾಡ್ತಿ ಏನ?” ಎಂದು ಗದರುತ್ತಲೇ ಅಜ್ಜಿ ಅವಳ ಮುಖ ನೀವಿ, ತನ್ನ ಕಪಾಳಕ್ಕೆ ಬೆರಳೊತ್ತಿ ಲಟಲಟ ನೆಟಿಗೆ ಮುರಿದಳು. ಆಮೇಲೆ ನನ್ನ ಕಡೆ ತಿರುಗಿ, “ನೀವೂ ಭಾಳ ಹೊತ್ತು ನೋಡಬ್ಯಾಡ್ರಿ ಮೇಡಂ” ಎಂದಳು.

ನಾನು ನೋಡುತ್ತಲೇ ಇದ್ದೆ.