ಬಣ್ಣದಕ್ಕ ಸುಲಿದ ಚಕ್ರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಾಳಿ ಏಳುವ ಮೊದಲು, ರಸ್ತೆಯ ದೂಳು ಎಚ್ಚರಗೊಳ್ಳುವ ಮೊದಲು ಬಣ್ಣ ಹೊಡೆದು ಮುಗಿಸಬೇಕು. ಅದಕ್ಕೇ ಬಣ್ಣದಕ್ಕನ ದಿನ ಕೋಳಿಗಿಂತ ಮುಂಚೆ ಶುರುವಾಗುತ್ತದೆ. ತಗಡಿನ ಶೆಡ್ಡಿನೊಳಗೆ ಟ್ಯಾಕ್ಸಿಯೊಂದು ನಿಂತಿದೆ. ಅದರ ಚಕ್ರದ ಎದುರು ಚಕ್ಕಳಮಕ್ಕಳ ಹಾಕಿ ಕೂತ ಅವರು, ಗಾಳಿ ತುಂಬುವ ಮೂತಿಯ ಪಕ್ಕದಲ್ಲಿ ಇಣುಕುವ ಕಪ್ಪು ಬಾಲವೊಂದನ್ನು ಚಿವುಟಿ ಹಿಡಿದು ಎಳೆಯುತ್ತಾರೆ. ಚಕ್ರದ ಬಣ್ಣವೆಲ್ಲ ಹಾವಿನ ಪೊರೆಯಂತೆ ಒಂದೇ ಹಾಳೆಯಾಗಿ ಕಳಚಿ ಬರುತ್ತದೆ. ಒಳಗಿಂದ ಬೆಳ್ಳಿಬಣ್ಣದ ಚಕ್ರ ಕಣ್ಣುಬಿಡುತ್ತದೆ. ದಿನಾ ನೋಡುವವರಿಗೂ ಇದು ಮಾಟದಂತೆಯೇ ಕಾಣುತ್ತದೆ.

"ಸುಲಿಯೋಕೆ ಸುಲಭ ಆಗ್ಲಿ ಅಂತ ನಾನು ಒಂದು ಬಾಲ ಬಿಟ್ಟಿರ್ತೀನಿ. ಬೇರೆ ಯಾರೂ ಬಿಡಲ್ಲ," ಎನ್ನುತ್ತಾರೆ. ಅಂದರೆ ಈ ಕಪ್ಪು ಅವರದೇ ಕೈಯದು. ಎಂಟು ತಿಂಗಳ ಹಿಂದೆ ಹಳೇ ಕಾರುಗಳ ವ್ಯಾಪಾರಿಯಿಂದ ಕೊಂಡಾಗಲೇ ಚಕ್ರಗಳು ಹೀಗೇ ಇದ್ದವು ಎನ್ನುತ್ತಾರೆ ಟ್ಯಾಕ್ಸಿಯ ಯಜಮಾನ. ಈಗ ಮಗಳು ಹಳದಿ ಬೇಕೆಂದು ಹಟ ಹಿಡಿದಿದ್ದಾಳೆ.

"ಹಳದೀನಾ?" ಬಣ್ಣದಕ್ಕನ ಅತ್ತೆ ಹೌಹಾರುತ್ತಾರೆ. "ನಾಲ್ಕು ನಿಂಬೆಹಣ್ಣು ಕಟ್ಕೊಂಡು ಓಡ್ತೀಯೇನಪ್ಪಾ?"

ಅತ್ತೆಯ ಮಡಿಲಲ್ಲಿ ಹಳೇ ಇಸ್ಪೀಟ್ ಎಲೆಗಳ ಗುಡ್ಡೆ. ಟೈರಿಗೆ ಬಣ್ಣ ತಾಗದಂತೆ ಚಕ್ರಕ್ಕೂ ಟೈರಿಗೂ ನಡುವೆ ಸುತ್ತಲೂ ಎಲೆ ಸಿಕ್ಕಿಸುವುದು ಅವರ ಕೆಲಸ. "ಇಷ್ಟು ವರ್ಷ ಇಸ್ಪೀಟು ಮುಟ್ಟಿದವಳಲ್ಲ. ಸೊಸೆ ಬಂದು ಕಲಿಸಿದ್ಲು," ಎಂದು ಬಂದವರಿಗೆಲ್ಲ ದೂರು ಹೇಳುತ್ತಾರೆ, ಹೇಳುತ್ತಲೇ ಇನ್ನೊಂದು ಎಲೆ ಸಿಕ್ಕಿಸುತ್ತಾರೆ.

ಬಣ್ಣದಕ್ಕ ಮೊದಲು ಬ್ಯೂಟಿ ಪಾರ್ಲರಿನಲ್ಲಿದ್ದವರು. ಮುಖಕ್ಕೆ ಲೇಪ ಹಚ್ಚಿ, ಒಣಗಿದ ಮೇಲೆ ಸುಲಿಯುವುದರಲ್ಲಿ ಎತ್ತಿದ ಕೈ. ಪಾರ್ಲರ್ ಬಾಗಿಲು ಹಾಕಿದಾಗ ಪಕ್ಕದ ಕಾರು ಸಾಮಾನಿನ ಅಂಗಡಿಯಲ್ಲಿ ಬೇಕಾದಾಗ ಸುಲಿದು ತೆಗೆಯಬಹುದಾದ ಸ್ಪ್ರೇ ಬಣ್ಣದ ಡಬ್ಬಿ ಕಂಡರು. "ಅಲ್ಲಿ ಮುಖ, ಇಲ್ಲಿ ಚಕ್ರ. ಚಕ್ರ ಕನ್ನಡಿ ಕೇಳಲ್ಲ, ಅಷ್ಟೇ." ಆದರೂ ಮೊದಲ ಗಿರಾಕಿಯ ಕೆಲಸ ಕೆಟ್ಟಿತು. ಡಬ್ಬಿ ಉಳಿಸಲು ತೆಳ್ಳಗೆ ಹೊಡೆದಿದ್ದರು. ತೆಳುವಾದರೆ ಈ ಬಣ್ಣ ಸುಲಿಯದು, ಒಣಗಿದ ಗಾಯದಂತೆ ಚೂರುಚೂರಾಗಿ ಏಳುತ್ತದೆ. ಅತ್ತೆ ಸೊಸೆ ಇಬ್ಬರೂ ಕೂತು ಇಡೀ ದಿನ ಉಗುರಲ್ಲಿ ಕೆರೆದರು. ಈಗ ಒಂದೊಂದು ಚಕ್ರಕ್ಕೂ ಆರು ಸಲ ಹೊಡೆಯುತ್ತಾರೆ. ಮೊದಲನೆಯದು ಇಬ್ಬನಿಯಷ್ಟು, ಆಮೇಲಿನದೆಲ್ಲ ದಪ್ಪಗೆ. ದಿನಕ್ಕೆ ಎರಡು ಕಾರು. ಅದರಲ್ಲಿ ಒಂದು ಹೆಚ್ಚುಕಮ್ಮಿ ಆ ವ್ಯಾಪಾರಿಯದೇ. ಮನೆಯ ಒಲೆ ಉರಿಯುವುದು ಅವರ ಕೃಪೆಯಿಂದ.

ಟ್ಯಾಕ್ಸಿಯ ಮೂರು ಚಕ್ರ ಸುಲಿದಾಗಿದೆ. ನಾಲ್ಕನೆಯದರ ಪೊರೆ ಅರ್ಧಕ್ಕೆ ಬಂದು ತಡೆಯುತ್ತದೆ. ಮೆಲ್ಲಗೆ ಎಳೆದರೆ ಅದರ ಬೆನ್ನಿಗೆ ಅಂಟಿಕೊಂಡು ಬೂದುಬಣ್ಣದ ಚೂರೊಂದು ಎದ್ದು ಬರುತ್ತದೆ. ಪುಟ್ಟಿ, ಗೋಡೆಯ ಸಂದಿಗೆ ಮೆತ್ತುವಂಥದ್ದು. ಅದು ಎದ್ದ ಜಾಗದಲ್ಲಿ, ಚಕ್ರದ ನಡುವಿನಿಂದ ಅಂಚಿಗೆ ಚಾಚಿದ ತೋಳಿಗೆ ಅಡ್ಡಲಾಗಿ, ಉಗುರು ಇಳಿಯುವಷ್ಟು ಬಿರುಕು.

ಬಣ್ಣದಕ್ಕ ಎಳೆಯುವುದನ್ನು ನಿಲ್ಲಿಸುತ್ತಾರೆ. ಪೊರೆ ಬೆರಳಿಂದ ಜೋತಾಡುತ್ತಿದೆ.

"ಏನಾಯ್ತೇ? ಕೈ ಕುಯ್ಕೊಂಡ್ಯಾ?"

"ಅತ್ತೆ, ಇದರ ಮೇಲೆ ನಾನೇ ಹೊಡೆದಿದೀನಿ."

ಅತ್ತೆ ಬಗ್ಗಿ ನೋಡುತ್ತಾರೆ. ಮಡಿಲಿನ ಎಲೆಗಳು ನೆಲಕ್ಕೆ ಚೆಲ್ಲುತ್ತವೆ. ಯಾರೂ ಆಯುವುದಿಲ್ಲ.

ವ್ಯಾಪಾರಿ ಚಕ್ರಗಳನ್ನು ಬಿಚ್ಚಿ, ತೊಳೆದು, ಬೆಳ್ಳಿಬಣ್ಣ ಬಳಿದೇ ಕಳಿಸುತ್ತಿದ್ದರು. ಎಷ್ಟು ಅಚ್ಚುಕಟ್ಟು ಮನುಷ್ಯ ಎಂದು ಅತ್ತೆ ಸೊಸೆ ಹೊಗಳಿಕೊಂಡಿದ್ದರು. ಆ ಬೆಳ್ಳಿಯ ಕೆಳಗೆ ಪುಟ್ಟಿ ಇದ್ದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಟ್ಯಾಕ್ಸಿಯ ಯಜಮಾನ ಬಿರುಕಿಗೆ ಉಗುರಿಟ್ಟು ನೋಡುತ್ತಾರೆ, ತೆಗೆಯುತ್ತಾರೆ, ಮತ್ತೆ ಇಡುತ್ತಾರೆ. "ನಿನ್ನೆ ಇದ್ರಲ್ಲೇ ಮಗಳನ್ನ ಸ್ಕೂಲಿಗೆ ಬಿಟ್ಟೆ," ಎನ್ನುತ್ತಾರೆ, ಯಾರಿಗೂ ಅಲ್ಲದಂತೆ. ಆಮೇಲೆ ದನಿ ತಗ್ಗಿಸುತ್ತಾರೆ. "ಅಕ್ಕಾ, ನಾಳೆ ಬೆಟ್ಟದ ಬಾಡಿಗೆ ಒಪ್ಕೊಂಡಿದೀನಿ. ಒಂದಿನದ ಮಟ್ಟಿಗೆ ಮುಚ್ಕೊಡಿ. ಬಂದ ತಕ್ಷಣ ಬದಲಾಯಿಸ್ತೀನಿ."

"ಗೊತ್ತಿಲ್ದೆ ಒಂದು ಸಲ ಮುಚ್ಚಿದೀನಣ್ಣ. ಗೊತ್ತಿದ್ದೂ ಮುಚ್ಚಿದ್ರೆ ಈ ಕೈಯಲ್ಲಿ ಅನ್ನ ಹೇಗೆ ತಿನ್ನಲಿ?"

ಬಣ್ಣದಕ್ಕನೇ ಡಿಕ್ಕಿ ತೆಗೆದು ಸ್ಟೆಪ್ನಿ ಉರುಳಿಸಿಕೊಂಡು ಬರುತ್ತಾರೆ. ಮೂರು ಬೆಳ್ಳಿ, ಒಂದು ಮಾಸಲು ಕಬ್ಬಿಣದ ಚಕ್ರ ತೊಟ್ಟು ಟ್ಯಾಕ್ಸಿ ಮನೆಗೆ ಹೋಗುತ್ತದೆ. ಹಳದಿಯ ಮಾತು ಯಾರಿಗೂ ನೆನಪಿಲ್ಲ.

ಆಮೇಲೆ ವ್ಯಾಪಾರಿಗೆ ಫೋನು. ಇನ್ನು ಮೇಲೆ ಚಕ್ರ ಬಳಿಯದೆ ಕಳಿಸಬೇಕು, ಬರಿಮೈ ನೋಡದೆ ಮುಟ್ಟುವುದಿಲ್ಲ ಎಂದು ಬಣ್ಣದಕ್ಕ ಹೇಳುತ್ತಾರೆ. ಆ ಕಡೆಯ ದನಿಯಲ್ಲಿ ಅಚ್ಚರಿಯೇ ಇಲ್ಲ. ಅದೇ ಅವರನ್ನು ಇನ್ನಷ್ಟು ಬೆಚ್ಚಿಬೀಳಿಸುತ್ತದೆ.

"ನಿಂಗೆ ಬಣ್ಣ ಹೊಡಿ ಅಂದ್ರೆ ಎಕ್ಸ್‌ರೇ ತೆಗೀತೀಯಾ? ಆಗದಿದ್ರೆ ಬಿಡು. ಹೊಡೆಯೋರು ಬೇಕಾದಷ್ಟು ಜನ ಇದಾರೆ."

"ಬಿಟ್ಟೆ," ಎನ್ನುತ್ತಾರೆ ಬಣ್ಣದಕ್ಕ. ಫೋನು ಇಡುತ್ತಾರೆ. ಅರ್ಧ ಕೆಲಸ ಒಂದೇ ಮಾತಿಗೆ ಹೋಯಿತು. ಅತ್ತೆ ಬೈಯುತ್ತಾರೆಂದು ಕಾದರೆ, "ಅವನು ಗಾಡಿ ಮಾರಿದ ಮನೆಗಳಲ್ಲೆಲ್ಲ ಮಕ್ಕಳಿರ್ತವಲ್ಲೇ," ಎಂದಷ್ಟೇ ಹೇಳಿ ಅವರು ಒಳಗೆ ಹೋಗುತ್ತಾರೆ.

ಮರುದಿನದಿಂದ ಶೆಡ್ಡಿನ ಬಾಗಿಲಲ್ಲಿ ರಟ್ಟಿನ ಬೋರ್ಡು ತೂಗುತ್ತಿದೆ: ಇಲ್ಲಿ ಬಣ್ಣ ಹೊಡೆದ ಚಕ್ರ ತನ್ನಿ, ಸುಲಿದು ನೋಡಿಕೊಡುತ್ತೇವೆ, ದುಡ್ಡು ಬೇಡ. ಬಣ್ಣದಕ್ಕನಿಗೆ ಈಗ ಇರುವುದು ಇದೊಂದೇ ಆಸೆ. "ಬಂದ್ರೆ ಸಾಕು. ಎಲ್ಲಾ ಸರಿ ಇದ್ರೆ ಮತ್ತೆ ಬಳಿದು ಕಳಿಸ್ತೀನಿ. ಪುಕ್ಕಟೆ ಅಂತ ಅನುಮಾನ ಪಡಬೇಡಿ ಅಂತ ಹೇಳಿ ಜನಕ್ಕೆ."

ಮೊದಲಿಗೆ ಬಂದದ್ದು ಔಷಧಿ ಅಂಗಡಿಯ ಹೆಂಗಸಿನ ಪುಟ್ಟ ಕಾರು. ಒಂದೊಂದು ಪೊರೆ ಎಳೆದಾಗಲೂ ಬಣ್ಣದಕ್ಕ ಅದರ ಬೆನ್ನು ತಿರುವಿ ನೋಡುತ್ತಾರೆ. ಕೊನೆಯ ಚಕ್ರದ ಐದೂ ತೋಳುಗಳ ಮೇಲೆ ಬೆರಳಾಡಿಸುತ್ತಾರೆ. ಅದೇ ಬೆರಳಲ್ಲಿ ಹಿಂದೆ ಎಷ್ಟೋ ಮುಖಗಳನ್ನು ಸವರಿದ್ದಾರೆ. ಎಲ್ಲೂ ಏನೂ ಇಲ್ಲ. ಹಳೇ ಗೀರು, ಒಂದಿಷ್ಟು ಮಾಸಲು, ಅಷ್ಟೇ.

"ಯಾವ ಬಣ್ಣ ಹಾಕ್ತೀರಿ?" ಹೆಂಗಸು ಕೇಳುತ್ತಾರೆ.

"ಒಂದ್ನಿಮಿಷ ತಡೀರಿ," ಎನ್ನುತ್ತಾರೆ ಬಣ್ಣದಕ್ಕ. "ಹೀಗೇ ನೋಡ್ಬೇಕು ಅನ್ಸ್ತಿದೆ."