ಹಳೇ ಡ್ರೈವರ್ ತೆಗೆಯಬೇಕು

ಕಂಪ್ಯೂಟರಿನ ಪರದೆ ಅರೆಕ್ಷಣ ಅಲುಗದೆ ನಿಂತರೂ ಸಾಕು, ಇಂದಿಗೂ ನನ್ನ ಎದೆ ಡವಡವ ಎನ್ನುತ್ತದೆ. ಉಳಿದವರು ಮೌಸ್ ಅಲ್ಲಾಡಿಸಿ ನೋಡುತ್ತಾರೆ. ನಾನು ಪಕ್ಕದಲ್ಲಿ ಕೂತವರ ಕೈ ನೋಡುತ್ತೇನೆ. ನನಗೆ ಈ ಹುಚ್ಚು ಹಿಡಿಸಿದ್ದು ಒಂದು ಗ್ರಾಫಿಕ್ಸ್ ಕಾರ್ಡು ಮತ್ತು ನಮ್ಮಪ್ಪ.

ಅಪ್ಪ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಖಾಸಗಿ ಬಸ್ಸು ಓಡಿಸುತ್ತಿದ್ದವರು. ವಯಸ್ಸಾಯಿತೆಂದು ಮಾಲೀಕ ಕೆಲಸ ಬಿಡಿಸಿದ ಮರುವರ್ಷ ಲಕ್ವ ಹೊಡೆದು ಬಲಗೈ ಸೋತಿತು. ಮಾತು, ನಡಿಗೆ ಹೇಗೋ ಮರಳಿದವು. ಕೈ ಮಾತ್ರ ಯಾರೋ ಸೀಟಿನಲ್ಲಿ ಮರೆತುಹೋದ ಚೀಲದಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಡಾಕ್ಟರು ರಬ್ಬರ್ ಚೆಂಡು ಕೊಟ್ಟು ದಿನವೂ ಹಿಚುಕಲು ಹೇಳಿದರು. ಅಪ್ಪ ಎರಡು ದಿನ ಹಿಚುಕಿದರು. ಮೂರನೇ ದಿನ, "ಕೂಸಿನಂಗೆ ಚೆಂಡು ಹಿಡ್ಕಂಡು ಕುಂತ್ಕಳಾಕೆ ನನ್ನ ಕೈಲಾಗಲ್ಲ" ಎಂದು ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟರು.

ಆಗಿನ್ನೂ ಎರಡು ಸಾವಿರದ ಇಸವಿಯ ಮೊದಲ ವರ್ಷಗಳು. ಮೊಳಕಾಲ್ಮೂರಿನಲ್ಲಿ ಮೇಷ್ಟ್ರಾಗಿದ್ದ ನಾನು ಪಾಠದ ತಯಾರಿಗೆ ಎಂದು ಹೇಳಿ ಮನೆಗೆ ಕಂಪ್ಯೂಟರ್ ತಂದಿದ್ದೆ. ಪಾಠದ ತಯಾರಿಗೆ ಆಟಗಳ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡು ಏಕೆ ಬೇಕು ಎಂದು ಮನೆಯಲ್ಲಿ ಯಾರಿಗೂ ಕೇಳಲು ತಿಳಿಯಲಿಲ್ಲ, ನನ್ನ ಪುಣ್ಯ. ಒಂದು ಭಾನುವಾರ ನಾನು ಕಾರ್ ರೇಸಿನ ಆಟದಲ್ಲಿ ಕಂಡ ಕಂಡ ಗೋಡೆಗೆಲ್ಲ ಗುದ್ದುತ್ತಿದ್ದಾಗ ಬೆನ್ನ ಹಿಂದಿನಿಂದ ಅಪ್ಪನ ದನಿ ಬಂತು: "ಲೇ, ಹಂಗೆ ತಿರುಗಿಸ್ತಾರೇನೋ ಸ್ಟೇರಿಂಗು?"

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮೇಜಿಗೆ ಬಿಗಿಯುವಂಥ ಸ್ಟೇರಿಂಗನ್ನೂ ಬಸ್ಸು ಓಡಿಸುವ ಒಂದು ಆಟವನ್ನೂ ತಂದೆ. ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ಸ್ಟೇರಿಂಗಿನ ಮೇಲಿಟ್ಟುಕೊಂಡರು. ವಾರ ಕಳೆಯುವಷ್ಟರಲ್ಲಿ ಬಲಗೈಯ ಬೆರಳುಗಳು ತಾವಾಗಿಯೇ ಅದನ್ನು ಹಿಡಿದವು. ಅವ್ವ ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆತು ಬಾಗಿಲಲ್ಲಿ ನಿಂತುಬಿಟ್ಟಳು.

ಕಾರ್ಡು ಕೈಕೊಡಲು ಶುರುಮಾಡಿದ್ದು ಆಮೇಲೆ. ಹತ್ತು ನಿಮಿಷ ಬಸ್ಸು ಚೆನ್ನಾಗಿ ಓಡುತ್ತಿತ್ತು. ಆಮೇಲೆ ಆಕಾಶದಲ್ಲಿ ಹಸಿರು, ಗುಲಾಬಿ ಗೆರೆಗಳು ಮೂಡಿ, ಇಂಜಿನ್ನಿನ ಸದ್ದು ಒಂದೇ ಸ್ವರಕ್ಕೆ ಕಚ್ಚಿಕೊಂಡು, ಎಲ್ಲವೂ ಕಲ್ಲಾಗುತ್ತಿತ್ತು. ಮೊದಲ ಸಲ ಹೀಗಾದಾಗ ಅಪ್ಪ ಸ್ಟೇರಿಂಗ್ ತಿರುಗಿಸುತ್ತಲೇ ಇದ್ದರು. ಬಸ್ಸು ತಿರುಗಲಿಲ್ಲ. ಅವರು ಪರದೆಯನ್ನು ನೋಡಲಿಲ್ಲ, ಕೈಯನ್ನು ನೋಡಿಕೊಂಡರು. "ಮತ್ತೆ ಹೋಯ್ತೇನಪ್ಪ ಇದು?" ಎಂದರು. "ಕೈ ಅಲ್ಲಪ್ಪ, ಮಿಷನ್ನು" ಎಂದು ಹೇಳುವಷ್ಟರಲ್ಲಿ ನನ್ನದೇ ನಾಲಿಗೆ ತೊದಲಿತ್ತು.

ಕಂಪ್ಯೂಟರ್ ರಿಪೇರಿಯ ಖಾದರನಿಗೆ ಫೋನ್ ಮಾಡಿದೆ. ಲೈನು ಸರಿಯಿರಲಿಲ್ಲ. ಅವನು ಹೇಳಿದ್ದನ್ನು ಖಚಿತ ಮಾಡಿಕೊಳ್ಳಲು ನಾನೂ ಕೂಗಿದೆ: "ಏನು? ಹಳೇ ಡ್ರೈವರ್‌ದೇ ಪ್ರಾಬ್ಲಮ್ಮಾ? ಹಳೇ ಡ್ರೈವರ್ ತೆಗೆದು ಹೊಸಾದು ಹಾಕ್ಬೇಕಾ?"

ಫೋನಿಟ್ಟು ತಿರುಗಿದರೆ ಅಪ್ಪ ಕುರ್ಚಿ ಬಿಟ್ಟು ಎದ್ದಿದ್ದರು. "ಸರಿ ಬಿಡು. ನಮ್ಮ ಮಾಲೀಕನೂ ಅದನ್ನೇ ಅಂದಿದ್ದ" ಎಂದು ಮಂಚಕ್ಕೆ ಹೋಗಿ ಗೋಡೆಯ ಕಡೆ ಮುಖಮಾಡಿ ಮಲಗಿದರು. ಕಾರ್ಡನ್ನು ನಡೆಸುವ ಪ್ರೋಗ್ರಾಮಿಗೂ ಡ್ರೈವರ್ ಎನ್ನುತ್ತಾರೆ ಎಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. ಮೇಷ್ಟ್ರ ವಿವರಣೆ ಉದ್ದವಾದಷ್ಟೂ ಸುಳ್ಳಿನಂತೆ ಕೇಳುತ್ತದೆ ಎಂಬುದು ಅಂದು ನನಗೆ ಅರಿವಾಯಿತು. ನಾಲ್ಕು ದಿನ ಅವರು ಸ್ಟೇರಿಂಗ್ ಮುಟ್ಟಲಿಲ್ಲ. ಬೆರಳುಗಳು ಮತ್ತೆ ಮಡಚಿಕೊಳ್ಳುತ್ತಿವೆಯೇ ಎಂದು ನಾನು ಪೇಪರಿನ ಮರೆಯಿಂದ ಕದ್ದು ನೋಡುತ್ತಿದ್ದೆ.

ಐದನೇ ದಿನ ಖಾದರನೇ ಮನೆಗೆ ಬಂದ. ಹೊಸ ಡ್ರೈವರ್ ಹಾಕಿದ, ಆದರೂ ಬಸ್ಸು ನಡುದಾರಿಯಲ್ಲಿ ನಿಂತಿತು. ಕಾರ್ಡು ಬಿಚ್ಚಿ, ಅದರ ಹಿತ್ತಾಳೆಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ, ಮತ್ತೂ ನಿಂತಿತು. ವೋಲ್ಟೇಜನ್ನು ಬೈದ. ಅವ್ವ, "ಆ ಪೆಟ್ಟಿಗೆಗೂ ಲಕ್ವ ಹೊಡ್ದೈತೇನೋ ನೋಡ್ರಪ್ಪ" ಎಂದಳು.

ಆಗ ಮಂಚದಿಂದ ಅಪ್ಪ ಕೇಳಿದರು: "ಆರಿಸಿ ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಓಡ್ತೈತಾ?"

"ಓಡ್ತೈತೆ ಚಾಚಾ. ಹತ್ತು ನಿಮಿಷ, ಅಷ್ಟೇ."

"ಹಂಗಾದ್ರೆ ಬಿಸಿಯಾಗ್ತೈತೆ ಕಣ್ರೋ ಅದು, ಇಂಜಿನ್ ಕಾದಂಗೆ. ಫ್ಯಾನ್ ತಿರುಗ್ತೈತಾ ನೋಡ್ರಿ. ಬಾನೆಟ್ ಮುಚ್ಕಂಡು ಡ್ರೈವರ್‌ನ ಬೈದ್ರೆ ಏನ್ ಬಂತು?"

ಖಾದರ್ ಡಬ್ಬದ ಬದಿ ತೆರೆದಿಟ್ಟೇ ಆಟ ಶುರುಮಾಡಿದ. ಕಾರ್ಡಿನ ಮೇಲಿನ ರೂಪಾಯಿಯಗಲದ ಫ್ಯಾನು ಒಂದು ಸುತ್ತು ಅಲುಗಿ ಸುಮ್ಮನಾಯಿತು. ನಮ್ಮ ಮನೆಯ ಹಿಂದೆಯೇ ಎಣ್ಣೆ ಮಿಲ್ಲು. ಅಲ್ಲಿಂದ ಹಾರಿಬಂದ ಶೇಂಗಾ ಸಿಪ್ಪೆಯ ಕೆಂಪು ಪುಡಿ ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಮೆತ್ತಿಕೊಂಡಿತ್ತು. ಬ್ರಷ್ಷಿನಿಂದ ತೆಗೆದು, ಅವ್ವನ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು ಬಿಟ್ಟೆವು. ಫ್ಯಾನು ಗುಯ್ ಎಂದಿತು.

ತಂದೆತಾಯಿಯ ಮಾತು ಕೇಳಬೇಕೆಂದು ಅಶೋಕ ಚಕ್ರವರ್ತಿ ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆದೊಯ್ದು ಅದನ್ನು ತೋರಿಸುತ್ತಿದ್ದವನು ನಾನೇ. ಎರಡು ಸಾವಿರ ವರ್ಷ ದಾಟಿದರೂ ಒಮ್ಮೆಯೂ ಹ್ಯಾಂಗ್ ಆಗದ ಪರದೆ ಅದು. ಓದಿಸಿದವನ ತಲೆಗೆ ಮಾತ್ರ ಇಳಿದಿರಲಿಲ್ಲ.

ಅಂದು ಅಪ್ಪ ಮುಕ್ಕಾಲು ಗಂಟೆ ಬಸ್ಸು ಓಡಿಸಿದರು. ಒಂದು ಗೆರೆಯೂ ಮೂಡಲಿಲ್ಲ. ಆದರೆ ಬಸ್ಸು ಮತ್ತೆ ಮತ್ತೆ ಎಡಕ್ಕೆ ಎಳೆದುಕೊಂಡು ಹೋಗಿ ಮರಕ್ಕೆ ಗುದ್ದುತ್ತಿತ್ತು. ಈಗ ದೂರಲು ಮಿಷನ್ನೂ ಉಳಿದಿರಲಿಲ್ಲ. ಬಲಗೈ ಸೋಲುತ್ತಿದ್ದುದು ಕಣ್ಣೆದುರಿಗೇ ಇತ್ತು. ನಾನು ಅಪ್ಪನ ಬೆನ್ನ ಹಿಂದೆಯೇ ನಿಂತಿದ್ದೆ. ಫ್ಯಾನು ರಿಪೇರಿ ಮಾಡಿ ತಪ್ಪು ಮಾಡಿದೆನೇನೋ ಎಂದೂ ಅನ್ನಿಸಿತು.

ಅಪ್ಪ ಹಿಂದೆ ತಿರುಗದೆಯೇ ಹೇಳಿದರು: "ಕೈ ಇನ್ನೂ ಸೋಲ್ತೈತೆ, ನಂಗೂ ಗೊತ್ತೈತೆ. ನೀನು ಹಿಂದೆ ನಿಂತು ಉಸಿರು ಬಿಗಿ ಹಿಡ್ದ್ರೆ ಇನ್ನಷ್ಟು ನಡುಗ್ತೈತೆ. ಬಸ್ಸಿನ ಟಾಪ್ ಮೇಲೆ ಜನ ತುಂಬಿದಾಗ್ಲೂ ನಿನ್ನಂಥ ಪುಕ್ಕಲು ಪ್ಯಾಸೆಂಜರ್‌ನ ಕಂಡಿಲ್ಲ ಕಣಲೇ. ಇಳಿ, ಇಳಿ. ಹೊರಗೆ ಹೋಗಿ ಕುಂತ್ಕೋ."

ನಾನು ಇಳಿದೆ. ಮುಂದಿನ ಬೇಸಿಗೆಯ ಹೊತ್ತಿಗೆ ಅವರು ಬಲಗೈಯಲ್ಲೇ ಮುದ್ದೆ ಮುರಿದು ಉಣ್ಣುವಂತಾದರು. ಪೂರ್ತಿ ಬಲ ಬರಲೇ ಇಲ್ಲ. ಅದನ್ನು ನನಗಿಂತ ಮೊದಲು ಒಪ್ಪಿಕೊಂಡವರೂ ಅವರೇ. ಅಪ್ಪ ನನ್ನನ್ನು ಇಳಿಸಿದ ಆ ಸಂಜೆ ನಾನು ಜಗುಲಿಯ ಮೇಲೆ ಕೂತು, ಅಕ್ಕರೆಯ ಹೆಸರಿನಲ್ಲಿ ನಾವು ಹೊತ್ತು ತರುವ ಭಯವೂ ಓಡಿಸುವವನಿಗೆ ಒಂದು ಲಗೇಜೇ ಎಂದು ಯೋಚಿಸುತ್ತಿದ್ದೆ. ಒಳಗೆ ಬಸ್ಸು ಮತ್ತೊಮ್ಮೆ ಧಡ್ ಎಂದು ಗುದ್ದಿತು. ನಾನು ಏಳಲಿಲ್ಲ.